ಅರವತ್ತು ದಿನದ ಲೆಕ್ಕ: ಮನೆಯಲ್ಲಿ ನಾಯಿಮರಿ ಸಾಕೋದರ ಹಿಂದಿನ ಇತಿಹಾಸ

ನಾಯಿ ಮತ್ತು ಇತಿಹಾಸ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನ ಆತಕೂರಿನ ಶಾಸನದ ಹೆಸರು ಹೇಳ್ತೀರ ಅಂತ ಗೊತ್ತು. ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ಬೇಟೆನಾಯಿಗೆ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಅದು ದೊಡ್ಡ ನಾಯಿಯ ಕಥೆ, ರಾಜರ ಕಥೆ. ಇನ್ನೊಂದು ದಿನ ಮಾತಾಡೋಣ. ಇವತ್ತಿನದು ಕಣ್ಣು ಬಿಡದ ಮರಿಗಳ ಕಥೆ. ಒಂದು ಬಾಡಿಗೆ ಮನೆ, ಒಂದು ರಟ್ಟಿನ ಡಬ್ಬ, ಮೊದಲ ಅರವತ್ತು ದಿನ. ಆ ಅರವತ್ತು ದಿನದ ಬಗ್ಗೆ ಇವತ್ತು ನಮಗೆ ಗೊತ್ತಿರೋದೆಲ್ಲ ಎಲ್ಲಿಂದ ಬಂತು, ಅದಕ್ಕೆ ಯಾರು ಎಷ್ಟು ಬೆಲೆ ಕೊಟ್ಟರು ಅನ್ನೋದೇ ವಿಷಯ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ನಾನು ಈ ಇತಿಹಾಸ ಓದೋಕೆ ಕೂತಿದ್ದೇ ಒಂದು ತಪ್ಪು ಮಾಡಿದ ಮೇಲೆ.

ಎರಡು ವರ್ಷದ ಹಿಂದಿನ ಜುಲೈ. ಪುಣೆಯ ಮಳೆ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಹೇಳಬೇಕಿಲ್ಲ. ವಾಕಡ್‌ನಲ್ಲಿ ನಾವಿರೋ ಬಿಲ್ಡಿಂಗ್‌ನ ಪಾರ್ಕಿಂಗ್‌ನಲ್ಲಿ, ಮೀಟರ್ ರೂಮಿನ ಪಕ್ಕ, ಒಂದು ಕೆಂಚು ಬಣ್ಣದ ಬೀದಿನಾಯಿ ಐದು ಮರಿ ಹಾಕಿತ್ತು. ರಾತ್ರಿ ನೀರು ಒಳಗೆ ನುಗ್ಗೋಕೆ ಶುರುವಾಯ್ತು. ನಾನೂ ನನ್ನ ಹೆಂಡತೀನೂ ಒಂದು ರಟ್ಟಿನ ಡಬ್ಬದಲ್ಲಿ ಮರಿಗಳನ್ನ ಹಾಕ್ಕೊಂಡು ಮೆಟ್ಟಿಲು ಹತ್ತಿದ್ವಿ. ತಾಯಿ ನಮ್ಮ ಹಿಂದೆಯೇ ಬಂತು, ಒಂದೊಂದು ಮೆಟ್ಟಿಲಿಗೂ ಡಬ್ಬ ಮೂಸ್ತಾ. ಡ್ರೈ ಬಾಲ್ಕನಿಯಲ್ಲಿ ವಾಷಿಂಗ್ ಮಷೀನ್ ಪಕ್ಕ ಅವರ ಬಾಣಂತಿ ಕೋಣೆ ಆಯ್ತು. ತಾಯಿಗೆ ಕೆಂಚಿ ಅಂತ ಹೆಸರಿಟ್ವಿ.

ಊರಿಗೆ ಫೋನ್ ಮಾಡಿದಾಗ ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ನಾಯಿಯನ್ನ ಹೊಸ್ತಿಲು ದಾಟಿಸದ ಮನೆ ನಮ್ಮದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಣಂತಿ ಕಣೋ ಅದು. ಮರಿಗಳ ಚಿಂತೆ ಆಮೇಲೆ. ಮೊದ್ಲು ಅದಕ್ಕೆ ಹೊಟ್ಟೆ ತುಂಬಾ ಹಾಕು, ಬೆಚ್ಚಗೆ ಮಲಗಿಸು" ಅಂದಳು. ಆಮೇಲೆ ಎಷ್ಟೋ ಪುಸ್ತಕ ಓದಿದೆ. ಮೊದಲ ಎರಡು ವಾರಕ್ಕೆ ಇದಕ್ಕಿಂತ ಒಳ್ಳೆ ಸಲಹೆ ಎಲ್ಲೂ ಸಿಗಲಿಲ್ಲ. ಆ ವಯಸ್ಸಿನ ಮರಿಗಳಿಗೆ ತಮ್ಮ ಮೈಬಿಸಿ ತಾವೇ ಕಾಯ್ದುಕೊಳ್ಳೋಕೆ ಆಗಲ್ಲ. ತಾಯಿ ನೆಕ್ಕದೇ ಇದ್ರೆ ಉಚ್ಚೆ ಕೂಡ ಹೊಯ್ಯೋಕೆ ಬರಲ್ಲ. ಕಣ್ಣು ತೆರೆಯೋಕೆ ಹತ್ತರಿಂದ ಹದಿನಾಲ್ಕು ದಿನ, ಕಿವಿ ಕೇಳೋಕೆ ಇನ್ನೂ ಕೆಲವು ದಿನ. ಅಲ್ಲಿವರೆಗೂ ಎಲ್ಲಾ ಕೆಲಸ ತಾಯಿದೇ. ನಮ್ಮ ಕೆಲಸ ಏನಿದ್ರೂ ತಾಯಿಯನ್ನ ನೋಡ್ಕೊಳ್ಳೋದು, ದಿನಾ ಅಡುಗೆಮನೆ ತಕ್ಕಡಿಯಲ್ಲಿ ಮರಿಗಳ ತೂಕ ನೋಡೋದು. ಅಭ್ಯಾಸಬಲ, ಎಕ್ಸೆಲ್ ಶೀಟ್ ಮಾಡಿದ್ದೆ. ಎರಡು ಗಂಡು, ಮೂರು ಹೆಣ್ಣು. ಎಲ್ಲಕ್ಕಿಂತ ದಪ್ಪಗಿದ್ದದ್ದು ಒಂದು ಗಂಡು ಮರಿ. ಅವನು ಗುಂಡ.

ಮರಿಗಳಿಗೆ ಒಂದು ತಿಂಗಳು ಆಗೋ ಹೊತ್ತಿಗೆ ಕೇಳೋರು ಶುರುವಾದ್ರು. ಎಲ್ಲರದ್ದೂ ಒಂದೇ ಮಾತು: "ಗಂಡು ಇದ್ರೆ ಕೊಡಿ. ಚಿಕ್ಕದಿದ್ದಾಗಲೇ ಕೊಟ್ಬಿಡಿ, ಆಗಲೇ ಚೆನ್ನಾಗಿ ಹೊಂದಿಕೊಳ್ಳೋದು." ಮೂವತ್ತೈದನೇ ದಿನ ಗುಂಡನನ್ನ ನನ್ನ ಸಹೋದ್ಯೋಗಿಯೊಬ್ಬರ ಮನೆಗೆ ಕೊಟ್ಟೆ. ಅವರಿಗೆ ಆರು ವರ್ಷದ ಮಗಳು. ನಲವತ್ನಾಲ್ಕನೇ ದಿನ ಮೊದಲ ಲಸಿಕೆ ಹಾಕಿಸಿದರು. "ಇನ್ನು ಕೆಳಗೆ ಗಾರ್ಡನ್‌ಗೆ ಬಿಡಬಹುದಾ?" ಅಂತ ಕೇಳಿದರು. "ಇಂಜೆಕ್ಷನ್ ಆಯ್ತಲ್ಲ, ಬಿಡಿ" ಅಂದವನು ನಾನೇ. ಯಾರನ್ನೂ ಕೇಳದೆ, ಏನೂ ಓದದೆ ಅಂದೆ. ಐವತ್ನಾಲ್ಕನೇ ದಿನ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಪಾರ್ವೊ. ಐವತ್ತೇಳನೇ ದಿನ ಬೆಳಗ್ಗೆ ಫೋನ್ ಬಂತು. ಅವರು ನನಗೆ ಒಂದು ಮಾತೂ ಬೈಲಿಲ್ಲ. ಹಿಂದೆ ಮಗು ಅಳ್ತಾ ಇದ್ದದ್ದು ಮಾತ್ರ ಕೇಳಿಸ್ತು.

ಆಫೀಸಲ್ಲಿ ಏನಾದ್ರೂ ಕೆಟ್ಟಾಗ ನಾವು ರೂಟ್ ಕಾಸ್ ಅನಾಲಿಸಿಸ್ ಮಾಡ್ತೀವಲ್ಲ, ಅದನ್ನೇ ಮಾಡಿದೆ. ನಾನು ನಂಬಿದ್ದು ಎರಡು ಮಾತು. ಒಂದು, ಚಿಕ್ಕದಿದ್ದಾಗ ಕೊಟ್ಟರೆ ಹೊಂದಿಕೊಳ್ಳುತ್ತೆ. ಎರಡು, ಒಂದು ಇಂಜೆಕ್ಷನ್ ಆದ್ರೆ ಆಯ್ತು. ಎರಡೂ ತಪ್ಪು ಅಂತ ಪ್ರಪಂಚಕ್ಕೆ ಗೊತ್ತಾಗಿ ಎಷ್ಟೋ ವರ್ಷ ಆಗಿತ್ತು. ಹೇಗೆ ಗೊತ್ತಾಯ್ತು ಅಂತ ಹುಡುಕ್ತಾ ಹೋದೆ.

ಬೇಲಿಯೊಳಗಿನ ಮರಿಗಳು

ಮೊದಲ ಪ್ರಶ್ನೆ: ಮರಿಯನ್ನ ತಾಯಿಯಿಂದ ಯಾವಾಗ ಬಿಡಿಸಬೇಕು?

ಇದಕ್ಕೆ ಉತ್ತರ ಹುಡುಕಿದ ಜಾಗ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಅನ್ನೋ ಸಣ್ಣ ಊರು. ಅಲ್ಲಿನ ಜಾಕ್ಸನ್ ಪ್ರಯೋಗಾಲಯ ಇಲಿಗಳಿಗೆ ಹೆಸರಾದದ್ದು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಜಾನ್ ಪಾಲ್ ಸ್ಕಾಟ್ ಅನ್ನೋ ವಿಜ್ಞಾನಿ ಅಲ್ಲಿ ನಾಯಿಗಳ ಮೇಲೆ ದೊಡ್ಡ ಅಧ್ಯಯನ ಶುರು ಮಾಡಿದರು, ಜೊತೆಗೆ ಜಾನ್ ಫುಲ್ಲರ್. ಅವರ ಮೂಲ ಪ್ರಶ್ನೆ ಮರಿ ಸಾಕೋದಲ್ಲ. ಸ್ವಭಾವ ರಕ್ತದಲ್ಲಿ ಬರುತ್ತಾ, ಬೆಳೆಸಿದ ರೀತಿಯಿಂದ ಬರುತ್ತಾ ಅನ್ನೋದು. ಬಸೆಂಜಿ, ಬೀಗಲ್, ಕಾಕರ್ ಸ್ಪಾನಿಯಲ್, ಶೆಟ್ಲೆಂಡ್ ಶೀಪ್‌ಡಾಗ್, ಫಾಕ್ಸ್ ಟೆರಿಯರ್, ಹೀಗೆ ಐದು ತಳಿ ಸಾಕಿ, ಹುಟ್ಟಿದ ದಿನದಿಂದ ಒಂದೊಂದು ಮರಿಯನ್ನೂ ಗಮನಿಸಿದರು. ಇದೆಲ್ಲ ಸೇರಿ 1965ರಲ್ಲಿ ಪುಸ್ತಕವಾಗಿ ಬಂತು.

ಅಲ್ಲಿ ನಡೆದ ಒಂದು ಪ್ರಯೋಗ 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯ್ತು. ಫ್ರೀಡ್‌ಮನ್, ಕಿಂಗ್, ಎಲಿಯಟ್ ಅನ್ನೋ ಮೂವರದ್ದು. ಎತ್ತರದ ಬೇಲಿ ಹಾಕಿದ ಒಂದು ಎಕರೆ ಬಯಲಲ್ಲಿ ತಾಯಿ ಜೊತೆ ಮರಿಗಳನ್ನ ಬಿಟ್ಟರು. ಊಟ ನೀರು ಬೇಲಿಯ ಕಿಂಡಿಯಿಂದ. ಮನುಷ್ಯರ ಮುಖ ಕಾಣೋ ಹಾಗಿಲ್ಲ. ಆಮೇಲೆ ಕೆಲವು ಮರಿಗಳನ್ನ ಎರಡನೇ ವಾರದಲ್ಲಿ, ಕೆಲವನ್ನ ಮೂರು, ಐದು, ಏಳು, ಒಂಬತ್ತನೇ ವಾರದಲ್ಲಿ ಒಂದೊಂದು ವಾರ ಮಾತ್ರ ಒಳಗೆ ತಂದು, ಆಡಿಸಿ, ಮುದ್ದು ಮಾಡಿ, ವಾಪಸ್ ಬಿಟ್ಟರು. ಕೆಲವನ್ನ ಹದಿನಾಲ್ಕು ವಾರ ಮುಟ್ಟಲೇ ಇಲ್ಲ.

ಎರಡನೇ ವಾರದ ಮರಿಗಳಿಗೆ ಮನುಷ್ಯರನ್ನ ಗುರುತಿಸೋಕೇ ಬರಲಿಲ್ಲ, ಅಷ್ಟು ಎಳೆಯವು. ಐದನೇ ವಾರದವು ಮೊದಲು ಹಿಂಜರಿದು, ಬೇಗ ಹತ್ತಿರ ಬಂದವು. ಎಲ್ಲಕ್ಕಿಂತ ಚೆನ್ನಾಗಿ ಕಲಿತವು, ಚೆನ್ನಾಗಿ ಬೆರೆತವು ಏಳನೇ ವಾರದ ಸುಮಾರಿಗೆ ತಂದ ಮರಿಗಳು. ಒಂಬತ್ತಕ್ಕೆ ಅನುಮಾನ ಜಾಸ್ತಿಯಾಗಿತ್ತು. ಹದಿನಾಲ್ಕು ವಾರ ಯಾರೂ ಮುಟ್ಟದ ಮರಿಗಳು ಕಾಡುಪ್ರಾಣಿಗಳಂತೆ ಆಗಿಹೋಗಿದ್ದವು. ಆಮೇಲೆ ಎಷ್ಟು ಪ್ರೀತಿ ಮಾಡಿದರೂ ಆ ಹೆದರಿಕೆ ಹೆಚ್ಚು ಕಡಿಮೆ ಹಾಗೇ ಉಳೀತು.

ಹೀಗೆ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಒಂದು ಬಾಗಿಲು ತೆರೆದಿರುತ್ತೆ, ಆಮೇಲೆ ಮುಚ್ಚಿಕೊಳ್ಳುತ್ತೆ ಅನ್ನೋದು ಗೊತ್ತಾಯ್ತು. ಇದನ್ನ ಮೊದಲು ಬಳಸಿಕೊಂಡವರು ಕುರುಡರಿಗೆ ದಾರಿ ತೋರಿಸೋ ನಾಯಿಗಳನ್ನ ತಯಾರು ಮಾಡ್ತಿದ್ದ ಕ್ಯಾಲಿಫೋರ್ನಿಯಾದ ಸಾನ್ ರಾಫೆಲ್‌ನ ಸಂಸ್ಥೆ. ಅಲ್ಲಿ ಕ್ಲಾರೆನ್ಸ್ ಫ್ಯಾಫೆನ್‌ಬರ್ಗರ್ ಅನ್ನೋವರು ಸ್ಕಾಟ್ ಜೊತೆ ಸೇರಿ ಕೆಲಸ ಮಾಡಿದರು. ಹನ್ನೆರಡು ವಾರ ಆದ ಕೂಡಲೇ ಯಾವುದಾದ್ರೂ ಕುಟುಂಬದ ಮನೆಗೆ ಹೋದ ಮರಿಗಳು ಒಳ್ಳೆ ಮಾರ್ಗದರ್ಶಿ ನಾಯಿಗಳಾದವು. ಅದೇ ತಾಯಿಯ ಮರಿಗಳು ಇನ್ನೂ ಕೆಲವು ವಾರ ಗೂಡಲ್ಲೇ ಉಳಿದರೆ ಹೆಚ್ಚು ಸೋತವು. ರಕ್ತ ಒಂದೇ, ತರಬೇತಿ ಒಂದೇ. ವ್ಯತ್ಯಾಸ ಆ ಕೆಲವು ವಾರ ಮನೆಯಲ್ಲಿ ಕಳೆದವಾ, ಗೂಡಲ್ಲಿ ಕಳೆದವಾ ಅನ್ನೋದಷ್ಟೇ.

ಇಲ್ಲಿ ನನ್ನ ಹಾಗೆ ಯೋಚಿಸೋರು ಹೇಳಬಹುದು: "ಸರಿ, ಹಾಗಾದ್ರೆ ಬೇಗ ಕೊಟ್ಟದ್ದೇ ಒಳ್ಳೇದಾಯ್ತಲ್ಲ?" ಇದಕ್ಕೆ ಉತ್ತರ 1993ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂತು. ಸ್ಲಾಬರ್ಟ್ ಮತ್ತು ರಾಸಾ ಅನ್ನೋ ಇಬ್ಬರು ಜರ್ಮನ್ ಶೆಫರ್ಡ್ ಮರಿಗಳಲ್ಲಿ ಕೆಲವನ್ನ ಆರನೇ ವಾರಕ್ಕೇ ತಾಯಿಯಿಂದ ಬಿಡಿಸಿದರು, ಕೆಲವನ್ನ ಹನ್ನೆರಡನೇ ವಾರದವರೆಗೂ ತಾಯಿ ಜೊತೆಗೇ ಇಟ್ಟು ಮನುಷ್ಯರ ಒಡನಾಟವನ್ನೂ ಕೊಟ್ಟರು. ಬೇಗ ಬಿಡಿಸಿದವು ಮನುಷ್ಯರಿಗೆ ಹೆಚ್ಚೇನೂ ಹತ್ತಿರ ಆಗಲಿಲ್ಲ. ಆದರೆ ಊಟ ಬಿಟ್ಟವು, ತೂಕ ಇಳೀತು, ರೋಗ ಜಾಸ್ತಿಯಾಯ್ತು, ಸಾವೂ ಜಾಸ್ತಿಯಾಯ್ತು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರನೇ ವಾರ ಅಂದ್ರೆ ನಲವತ್ತೆರಡು ದಿನ. ನಾನು ಗುಂಡನನ್ನ ಕೊಟ್ಟದ್ದು ಮೂವತ್ತೈದಕ್ಕೆ.

ಲಸಿಕೆ ಕಾರ್ಡಿನ ಒಂದೊಂದು ಅಕ್ಷರ

ಎರಡನೇ ಪ್ರಶ್ನೆ: ಇಂಜೆಕ್ಷನ್ ಆಗಿತ್ತಲ್ಲ, ಮತ್ತೆ ಯಾಕೆ ಸತ್ತ?

ಮರಿಯ ಲಸಿಕೆ ಕಾರ್ಡ್ ನೋಡಿರ್ತೀರ. ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತ ಬಾಟಲಿಯ ಸ್ಟಿಕ್ಕರ್ ಅಂಟಿಸಿರ್ತಾರೆ. ಅದರಲ್ಲಿರೋ ಒಂದೊಂದು ರೋಗಕ್ಕೂ ಒಂದೊಂದು ಇತಿಹಾಸ.

ಅದರಲ್ಲಿ ಹಳೇದು ಡಿಸ್ಟೆಂಪರ್. ಮನುಷ್ಯರಿಗೆ ಸಿಡುಬಿನ ಲಸಿಕೆ ಕೊಟ್ಟ ಎಡ್ವರ್ಡ್ ಜೆನ್ನರ್ 1809ರಲ್ಲೇ ಈ ನಾಯಿರೋಗದ ಬಗ್ಗೆ ಬರೆದಿದ್ದ. 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ಇದು ವೈರಸ್ಸಿಂದ ಬರೋದು ಅಂತ ತೋರಿಸಿದ. ಆದರೂ ಮರಿಗಳು ಸಾಯ್ತಾನೇ ಇದ್ದವು. 1920ರ ದಶಕದಲ್ಲಿ ಇಂಗ್ಲೆಂಡಿನ 'ದಿ ಫೀಲ್ಡ್' ಅನ್ನೋ ಪತ್ರಿಕೆ ನಾಯಿ ಸಾಕೋ ಓದುಗರಿಂದ ಚಂದಾ ಎತ್ತಿ ಸಂಶೋಧನೆಗೆ ಕೊಡ್ತು. ಆ ದುಡ್ಡಲ್ಲಿ ಲೇಡ್ಲಾ ಮತ್ತು ಡಂಕಿನ್ ಅನ್ನೋ ಇಬ್ಬರು ಲಂಡನ್ನಿನ ಮಿಲ್ ಹಿಲ್‌ನಲ್ಲಿ ಕೆಲಸ ಮಾಡಿ ಲಸಿಕೆ ತಯಾರಿಸಿದರು. ಅವರು ಪ್ರಯೋಗಕ್ಕೆ ಬಳಸಿದ್ದು ಫೆರೆಟ್ ಅನ್ನೋ, ನೋಡೋಕೆ ನಮ್ಮ ಮುಂಗುಸಿ ಥರ ಇರೋ ಪ್ರಾಣಿ. ಮುಂದೆ 1933ರಲ್ಲಿ ಇದೇ ಲೇಡ್ಲಾ, ವಿಲ್ಸನ್ ಸ್ಮಿತ್ ಮತ್ತು ಆಂಡ್ರ್ಯೂಸ್ ಜೊತೆ ಸೇರಿ ಮನುಷ್ಯರ ಫ್ಲೂ ವೈರಸ್ ಕಂಡುಹಿಡಿದದ್ದೂ ಫೆರೆಟ್‌ನಲ್ಲೇ. ನಾಯಿಮರಿ ಉಳಿಸೋಕೆ ಅಂತ ಕೊಟ್ಟ ಚಂದಾ ಹಣದಿಂದ ಕಲಿತದ್ದು ಮನುಷ್ಯರ ರೋಗಕ್ಕೂ ದಾರಿ ತೋರಿಸ್ತು.

ಇನ್ನೊಂದು ರೇಬಿಸ್. ನಮ್ಮ ಅಪ್ಪ-ಅಮ್ಮನ ತಲೆಮಾರು ನಾಯಿ ಅಂದ್ರೆ ಹೆದರೋದಕ್ಕೆ ದೊಡ್ಡ ಕಾರಣ ಇದು. ಹೊಟ್ಟೆ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನೋ ಮಾತು ನಾವೆಲ್ಲ ಕೇಳಿ ಬೆಳೆದವರೇ. ಅದು ಡೇವಿಡ್ ಸೆಂಪಲ್ ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸ್ತಿದ್ದ ಲಸಿಕೆ. ಭಾರತದಲ್ಲಿ ಅದನ್ನ ನಿಲ್ಲಿಸಿದ್ದು 2004ರ ಕೊನೆಗೆ. ಅಂದ್ರೆ ಅಮ್ಮ ನಾಯಿಯನ್ನ ಹೊಸ್ತಿಲು ದಾಟಿಸದೇ ಇದ್ದದ್ದು ಬರೀ ಮಡಿಯ ವಿಷಯ ಆಗಿರಲಿಲ್ಲ. ಮನೆಯಲ್ಲಿ ಮಕ್ಕಳಿದ್ವಿ. ಆ ಹೆದರಿಕೆಗೆ ಅರ್ಥ ಇತ್ತು.

ಗುಂಡನನ್ನ ಕೊಂದ ಪಾರ್ವೊ ಇವೆಲ್ಲಕ್ಕಿಂತ ಹೊಸದು. ಎಷ್ಟು ಹೊಸದು ಅಂದ್ರೆ, 1970ರಲ್ಲಿ ನಾಯಿಮರಿ ಸಾಕಿದ ಯಾವ ಪಶುವೈದ್ಯರೂ ಅದನ್ನ ನೋಡಿರಲಿಲ್ಲ. 1978ರಲ್ಲಿ ಇದ್ದಕ್ಕಿದ್ದ ಹಾಗೆ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಎಲ್ಲಾ ಕಡೆ ನಾಯಿಗಳು ರಕ್ತಭೇದಿಯಿಂದ ಸಾಯೋಕೆ ಶುರುವಾದವು. ಹಳೇ ರಕ್ತದ ಮಾದರಿಗಳನ್ನ ತೆಗೆದು ನೋಡಿದಾಗ ಈ ವೈರಸ್ಸಿನ ಗುರುತು 1970ರ ದಶಕದ ನಡುವಿಂದ ಈಚೆಗೆ ಮಾತ್ರ, ಅದೂ ಯುರೋಪಿನಲ್ಲಿ ಸಿಕ್ತು. ಬೆಕ್ಕುಗಳಲ್ಲಿ ಮೊದಲಿಂದ ಇದ್ದ ಒಂದು ವೈರಸ್ಸಿಗೆ ಹತ್ತಿರದ ಸಂಬಂಧಿ, ಸ್ವಲ್ಪ ಬದಲಾಗಿ ನಾಯಿಗೆ ಹತ್ತಿತ್ತು. ಪ್ರಪಂಚದ ಯಾವ ನಾಯಿಯ ಮೈಯಲ್ಲೂ ಅದಕ್ಕೆ ಪ್ರತಿರೋಧ ಇರಲಿಲ್ಲ. ಕೋವಿಡ್ ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೊದಮೊದಲು ವೈದ್ಯರು ಬೆಕ್ಕಿನ ಲಸಿಕೆಯನ್ನೇ ನಾಯಿಗೆ ಹಾಕಿ ಸುಧಾರಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲೀಲಂಡ್ ಕಾರ್ಮೈಕಲ್, ಮ್ಯಾಕ್ಸ್ ಆಪೆಲ್ ಮತ್ತವರ ಜೊತೆಗಾರರು ಎರಡು ಮೂರು ವರ್ಷದೊಳಗೆ ನಾಯಿಗೇ ಅಂತ ಲಸಿಕೆ ತಂದರು. ಅಷ್ಟರಲ್ಲಿ ವೈರಸ್ ಭಾರತಕ್ಕೂ ಬಂದಾಗಿತ್ತು. ಅದು ಹೊರಗೆ ತಿಂಗಳುಗಟ್ಟಲೆ ಬದುಕುತ್ತೆ. ಮಣ್ಣಲ್ಲಿ, ಚಪ್ಪಲಿ ಅಡಿಯಲ್ಲಿ, ಊಟದ ಬಟ್ಟಲಲ್ಲಿ. ನಾವು ನೆಲ ಒರೆಸೋ ಫಿನಾಯಿಲ್‌ಗೆ ಅದು ಸಾಯಲ್ಲ. ಬ್ಲೀಚ್ ಬೇಕು, ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ.

ಸರಿ, ಲಸಿಕೆ ಇತ್ತು. ಗುಂಡನಿಗೆ ಹಾಕಿಸಿಯೂ ಆಗಿತ್ತು. ಮತ್ತೆ ಯಾಕೆ?

ಉತ್ತರ ತಾಯಿಯ ಹಾಲಲ್ಲಿದೆ. ಹಸು ಕರು ಹಾಕಿದಾಗ ಮೊದಲ ಹಾಲನ್ನ ಗಿಣ್ಣು ಅಂತ ನಾವು ತಿಂತೀವಲ್ಲ, ಹಾಗೇ ನಾಯಿಯ ಮೊದಲ ದಿನದ ಹಾಲಿನಲ್ಲೂ ತಾಯಿಯ ಆಂಟಿಬಾಡಿಗಳು ಮರಿಗೆ ಸಿಗ್ತವೆ. ಅವು ಮೊದಲ ವಾರಗಳಲ್ಲಿ ಮರಿಯನ್ನ ಕಾಯ್ತವೆ. ಆದರೆ ಅದೇ ಆಂಟಿಬಾಡಿಗಳು ಲಸಿಕೆಯನ್ನೂ ಶತ್ರು ಅಂತ ತಿಳಿದು ಹೊಡೆದುಹಾಕ್ತವೆ. ದಿನ ಕಳೆದ ಹಾಗೆ ಅವು ಕಡಿಮೆ ಆಗ್ತಾ ಬರ್ತವೆ. ಒಂದು ಹಂತದಲ್ಲಿ ನಿಜವಾದ ರೋಗ ತಡೆಯೋಕೆ ಸಾಲದಷ್ಟು, ಆದರೆ ಲಸಿಕೆ ಕೆಲಸ ಮಾಡೋಕೆ ಬಿಡದಷ್ಟು ಮಾತ್ರ ಉಳಿದಿರ್ತವೆ. ಆ ಸಂದು ಯಾವ ಮರಿಗೆ ಯಾವ ವಾರ ಬರುತ್ತೆ ಅಂತ ಹೊರಗಿಂದ ನೋಡಿ ಹೇಳೋಕೆ ಆಗಲ್ಲ. ಒಂದೇ ಸೂಲಿನ ಎರಡು ಮರಿಗಳಿಗೇ ಬೇರೆ ಬೇರೆ ಇರಬಹುದು. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕಿ, ಕೊನೇ ಡೋಸ್ ಹದಿನಾರನೇ ವಾರ ಅಥವಾ ಅದರ ನಂತರ ಬೀಳೋ ಹಾಗೆ ನೋಡ್ಕೋಬೇಕು. ಇದನ್ನ ಮೂರು ಸಲ ದುಡ್ಡು ಕೀಳೋ ದಂಧೆ ಅಂತ ನಾನೇ ಒಂದು ಕಾಲದಲ್ಲಿ ಅಂದಿದ್ದೆ.

ಗುಂಡ ಗಾರ್ಡನ್‌ಗೆ ಇಳಿದದ್ದು ಆ ಸಂದಿನಲ್ಲಿ.

ಎರಡು ಬಾಗಿಲು, ಒಂದೇ ಸಮಯ

ಈಗ ಎರಡೂ ಉತ್ತರ ಅಕ್ಕಪಕ್ಕ ಇಟ್ಟು ನೋಡಿ. ಬಾರ್ ಹಾರ್ಬರ್ ಹೇಳೋದು: ಮೂರರಿಂದ ಹನ್ನೆರಡನೇ ವಾರದೊಳಗೆ ಮರಿಗೆ ಪ್ರಪಂಚ ತೋರಿಸಿ, ಇಲ್ಲದಿದ್ರೆ ಅದು ಜೀವನವಿಡೀ ಹೆದರುತ್ತೆ. 1978 ಹೇಳೋದು: ಹದಿನಾರು ವಾರದವರೆಗೆ ಮರಿಯನ್ನ ನೆಲಕ್ಕೆ ಬಿಡಬೇಡಿ, ಇಲ್ಲದಿದ್ರೆ ಸಾಯಬಹುದು. ಎರಡೂ ಸತ್ಯ, ಎರಡೂ ಒಂದೇ ವಾರಗಳ ಬಗ್ಗೆ.

ಇವೆರಡನ್ನೂ ಒಟ್ಟಿಗೆ ಮಾಡೋಕೆ ಸಾಧ್ಯ ಇರೋ ಜಾಗ ಮನೆ. ಸಾಕಿದ ಮರಿಗಳಿಗೆ ಮನೆ ಯಾಕೆ ಬೇಕು ಅಂತ ನನಗೆ ಅರ್ಥ ಆಗಿದ್ದು ಅಲ್ಲಿ. ಗೂಡಲ್ಲಿ ರೋಗ ಇಲ್ಲ, ಪ್ರಪಂಚವೂ ಇಲ್ಲ. ಬೀದಿಯಲ್ಲಿ ಪ್ರಪಂಚ ಇದೆ, ರೋಗವೂ ಇದೆ. ಮನೆಯಲ್ಲಿ ಕುಕ್ಕರ್ ಸೀಟಿ ಇದೆ, ಮಿಕ್ಸಿ ಇದೆ, ಕಾಲಿಂಗ್ ಬೆಲ್ ಇದೆ, ಬಂದು ಹೋಗೋ ಜನ ಇದ್ದಾರೆ, ಚಪ್ಪಲಿ ಮಾತ್ರ ಹೊರಗೆ.

ಗುಂಡ ಸತ್ತ ದಿನ ನಮ್ಮ ಹತ್ತಿರ ಇನ್ನೂ ನಾಲ್ಕು ಮರಿ ಇದ್ದವು. ನಾನು ಎರಡು ದಿನ ಮುಂಚೆಯಷ್ಟೇ ಆ ಸಹೋದ್ಯೋಗಿಯ ಮನೆಗೆ ಅದೇ ಚಪ್ಪಲಿಯಲ್ಲಿ ಹೋಗಿ ಬಂದಿದ್ದೆ. ಬ್ಲೀಚ್ ನೀರಲ್ಲಿ ಬಾಲ್ಕನಿ, ಬಾಗಿಲು, ಚಪ್ಪಲಿ ಎಲ್ಲಾ ತೊಳೆದ್ವಿ. ಒಂದು ವಾರ ಬೆಳಗ್ಗೆ ಎದ್ದ ತಕ್ಷಣ ಮೊದಲು ಮಲ ನೋಡೋದು, ಆಮೇಲೆ ತೂಕ ನೋಡೋದು. ನಾಲ್ಕೂ ಉಳಿದವು.

ಆಮೇಲಿನ ವಾರಗಳಲ್ಲಿ ಬಿಲ್ಡಿಂಗ್‌ನ ಮಕ್ಕಳನ್ನ ಸಂಜೆ ಕರೀತಿದ್ವಿ. ಕೈ ತೊಳೆದು, ನೆಲದ ಮೇಲೆ ಕೂತು, ಮರಿ ತಾನಾಗೇ ಬಂದ್ರೆ ಮಾತ್ರ ಮುಟ್ಟಬೇಕು ಅನ್ನೋ ನಿಯಮ. ಒಬ್ಬೊಬ್ಬ ಮರಿಯನ್ನ ಚೀಲದಲ್ಲಿ ಹೊತ್ತುಕೊಂಡು, ನೆಲಕ್ಕೆ ಇಳಿಸದೆ, ರಸ್ತೆ, ಆಟೋ, ಬಸ್ ಸದ್ದು ತೋರಿಸ್ತಿದ್ದೆ. ದೂರು ಕೊಟ್ಟಿದ್ದ ಎದುರು ಮನೆಯ ಆಜಿ ಕೂಡ ಒಂದು ದಿನ ಬಂದು ಕೂತ್ರು. ಮರಾಠಿಯಲ್ಲಿ ಏನೋ ಬೈತಾ ಬೈತಾನೇ ತೊಡೆ ಮೇಲೆ ಮಲಗಿಸಿಕೊಂಡ್ರು.

ಉಳಿದ ಮರಿಗಳು ಎಲ್ಲಿ ಹೋಗ್ತವೆ?

ಇನ್ನೊಂದು ಪ್ರಶ್ನೆ ಉಳೀತು. ನಾವು ನಾಲ್ಕು ಮರಿ ಉಳಿಸಿದ್ವಿ. ಕೆಂಚಿ ಮುಂದಿನ ಸಲ ಮತ್ತೆ ಐದು ಹಾಕ್ತಾಳೆ. ಆಗ?

ಬೀದಿಯಲ್ಲೇ ಹುಟ್ಟಿದ ಮರಿಗಳ ಗತಿ ಏನು ಅಂತ ಪಶ್ಚಿಮ ಬಂಗಾಳದಲ್ಲಿ ಲೆಕ್ಕ ಹಾಕಿದ್ದಾರೆ. ಕೋಲ್ಕತ್ತಾ ಐಸರ್‌ನ ಅನಿಂದಿತಾ ಭದ್ರ ಅವರ ತಂಡ 95 ಸೂಲುಗಳ 364 ಮರಿಗಳನ್ನ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ. ಮರಿ ಹಾಕೋ ವಯಸ್ಸಿಗೆ ಬಂದದ್ದು ಶೇಕಡಾ 19 ಮಾತ್ರ. ಸಾವುಗಳಲ್ಲಿ ಶೇಕಡಾ 63ರ ಹಿಂದೆ ಒಂದಲ್ಲ ಒಂದು ರೀತಿ ಮನುಷ್ಯರ ಕೈ ಇತ್ತು. ಐದು ಮರಿಯಲ್ಲಿ ಒಂದು. ನಮ್ಮ ಬಾಲ್ಕನಿಯಲ್ಲಿ ಐದರಲ್ಲಿ ಒಂದು ಸತ್ತಿತು, ಬೀದಿಯಲ್ಲಿ ಐದರಲ್ಲಿ ಒಂದು ಉಳಿಯುತ್ತೆ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಚೆನ್ನೈನದು, ಅದೂ ಮಳೆನೀರಲ್ಲೇ ಶುರುವಾದದ್ದು. 1959ರಲ್ಲಿ ಮದ್ರಾಸಿನ ಟಿ. ನಗರದಲ್ಲಿ ಕ್ಯಾಪ್ಟನ್ ವಿ. ಸುಂದರಂ ಅನ್ನೋ ಪೈಲಟ್ ಮಳೆಯ ಪ್ರವಾಹದಲ್ಲಿ ಒದ್ದಾಡ್ತಿದ್ದ ಎರಡು ನಾಯಿಮರಿಗಳನ್ನ ನೋಡಿ ಮನೆಗೆ ತಂದರು. ಆ ಮನೆಯೇ ಮುಂದೆ ಬ್ಲೂ ಕ್ರಾಸ್ ಆಫ್ ಇಂಡಿಯಾ ಆಯ್ತು. ಈ ಸುಂದರಂ ಒಂದು ಕಾಲದಲ್ಲಿ ಮೈಸೂರು ಮಹಾರಾಜರ ವಿಮಾನ ಹಾರಿಸ್ತಿದ್ದವರು. ಅವರ ಹೆಂಡತಿ ಉಷಾ ಸುಂದರಂ ಪೈಲಟ್ ಆಗಿ ತಯಾರಾದದ್ದು ನಮ್ಮ ಜಕ್ಕೂರಿನ ಶಾಲೆಯಲ್ಲೇ, 1949ರಲ್ಲಿ. ಇಬ್ಬರೂ ಸೇರಿ ನಡೆಸಿದ ಕೆಲಸ ಇದು.

ಆಗ ಮದ್ರಾಸಿನಲ್ಲೂ ಬೇರೆ ಊರುಗಳಲ್ಲೂ ಬೀದಿನಾಯಿಗೆ ಇದ್ದ ಒಂದೇ ಉಪಾಯ ಹಿಡಿದು ಕೊಲ್ಲೋದು. ಮುಂಬೈನಲ್ಲಿರೋರಿಗೆ ಗೊತ್ತಿರಬಹುದು, 1832ರಲ್ಲಿ ಬ್ರಿಟಿಷರು ನಾಯಿ ಕೊಲ್ಲಿಸೋಕೆ ಹೊರಟಾಗ ಪಾರ್ಸಿಗಳು ಎದ್ದು ಕೋಟೆ ಪ್ರದೇಶದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಒಂದೂವರೆ ಶತಮಾನ ಕೊಂದರೂ ನಾಯಿಗಳ ಸಂಖ್ಯೆ ಇಳಿಯಲಿಲ್ಲ. ಸುಂದರಂ ಅವರ ಮಗ ಚಿನ್ನಿ ಕೃಷ್ಣ, ಓದಿದ್ದು ಎಂಜಿನಿಯರಿಂಗ್. 1964ರಲ್ಲಿ ಅವರು ಬೇರೆ ದಾರಿ ಹಿಡಿದರು: ಹಿಡಿ, ಆಪರೇಷನ್ ಮಾಡು, ರೇಬಿಸ್ ಲಸಿಕೆ ಹಾಕು, ಅದೇ ಜಾಗಕ್ಕೆ ವಾಪಸ್ ಬಿಡು. ಎ-ಬಿ-ಸಿ ಅಷ್ಟೇ ಸುಲಭ ಇರಲಿ ಅಂತ ಅದಕ್ಕೆ ಎಬಿಸಿ ಅನ್ನೋ ಹೆಸರು. ಚೆನ್ನೈ ಪಾಲಿಕೆ ಅದನ್ನ ಒಪ್ಪೋಕೆ 1996 ಬೇಕಾಯ್ತು. ದೇಶಕ್ಕೆಲ್ಲ ನಿಯಮವಾಗಿ ಬಂದದ್ದು 2001ರಲ್ಲಿ, ಹೊಸ ರೂಪದಲ್ಲಿ ಮತ್ತೆ 2023ರಲ್ಲಿ. ಎರಡು ಮರಿಗಳನ್ನ ಮನೆಗೆ ತಂದವರು, ಮರಿ ಸಾಕೋದರಿಂದ ಮಾತ್ರ ಇದು ಮುಗಿಯಲ್ಲ ಅಂತ ಐದು ವರ್ಷದಲ್ಲಿ ಅರ್ಥ ಮಾಡ್ಕೊಂಡಿದ್ರು.

ಈ ನಿಯಮ ಎಲ್ಲಾ ಊರಲ್ಲೂ ಸರಿಯಾಗಿ ನಡೀತಾ ಇದೆ ಅಂತ ನಾನು ಹೇಳಲ್ಲ. ನಾಯಿ ಕಚ್ಚಿಸಿಕೊಂಡ ಮಗುವಿನ ಅಪ್ಪ-ಅಮ್ಮನ ಸಿಟ್ಟು ಸುಳ್ಳಲ್ಲ. ಆದರೆ ಮನೆಯಲ್ಲಿ ಒಂದು ಸೂಲು ಮರಿ ಸಾಕಿದವರಿಗೆ ಒಂದು ಜವಾಬ್ದಾರಿ ಇದ್ದೇ ಇದೆ: ತಾಯಿಯ ಆಪರೇಷನ್. ಅದನ್ನ ಬಿಟ್ಟರೆ ನಾವು ಮಾಡಿದ್ದು ಅರ್ಧ ಕೆಲಸ. ಮರಿಗಳು ಹಾಲು ಬಿಟ್ಟ ಮೇಲೆ, ಕೆಂಚಿಯ ಹಾಲು ಬತ್ತಿದ ಮೇಲೆ, ಅವಳನ್ನ ಕರ್ಕೊಂಡು ಹೋಗಿ ಮಾಡಿಸಿದ್ವಿ. ಕಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿ ಕಳಿಸಿದ್ರು. ನಿಮ್ಮ ಬೀದಿಯ ನಾಯಿಯ ಕಿವಿಯಲ್ಲಿ ಅಂಥ ಕಚ್ಚು ಇದ್ರೆ, ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ. ಕೆಂಚಿ ಈಗಲೂ ಅದೇ ಪಾರ್ಕಿಂಗ್‌ನಲ್ಲಿ ಇದ್ದಾಳೆ.

ಗಂಡು ಮರಿ ಬೇಗ ಹೋಯ್ತು, ಎರಡು ತಿಂಗಳು ತುಂಬಿದ ಮೇಲೆ. ಹೆಣ್ಣುಗಳನ್ನ ಯಾರೂ ಕೇಳಲಿಲ್ಲ. ಒಂದನ್ನ ಹೈದರಾಬಾದಿನ ಗೆಳೆಯ ಬಂದು ಕರ್ಕೊಂಡು ಹೋದ. ಒಂದು ನಮ್ಮಲ್ಲೇ ಉಳೀತು. ಅಮ್ಮ ಈಗ ವಿಡಿಯೋ ಕಾಲ್‌ನಲ್ಲಿ ಮೊದಲು ಅದನ್ನೇ ಕೇಳೋದು.

ಕೊನೇದು ಚುಕ್ಕಿ. ಅವಳಿಗೆ ಹದಿನಾರನೇ ವಾರ ಆದ ಮೇಲೆ ಆ ಸಹೋದ್ಯೋಗಿ ಫೋನ್ ಮಾಡಿದರು. ಮಗಳು ಇನ್ನೊಂದು ಮರಿ ಕೇಳ್ತಾ ಇದ್ದಾಳೆ, ಆದರೆ ನಮ್ಮ ಮನೆಯಲ್ಲಿ ಇನ್ನೂ ರೋಗ ಇರಬಹುದಲ್ವಾ ಅಂತ ಹೆದರಿಕೆ ಅಂದ್ರು. ಇಷ್ಟೆಲ್ಲ ಓದಿದ್ದಕ್ಕೆ ಆಗ ಉಪಯೋಗ ಬಂತು. ಆ ಮನೆಗೆ ಎಳೆಮರಿ ಹೋಗೋ ಹಾಗಿಲ್ಲ, ಎಲ್ಲಾ ಡೋಸ್ ಮುಗಿಸಿದ ಮರಿ ಹೋಗಬಹುದು. ಡಾಕ್ಟರನ್ನ ಕೇಳಿ, ಕೊನೇ ಡೋಸ್ ಆಗಿ ಇನ್ನೂ ಎರಡು ವಾರ ಕಾದು, ಮನೆಯನ್ನ ಬ್ಲೀಚಲ್ಲಿ ತೊಳೆಸಿ, ನಾನೇ ಚುಕ್ಕಿಯನ್ನ ಕರ್ಕೊಂಡು ಹೋದೆ.

ಆ ಮಗು ಮೊದಲು ಕೇಳಿದ್ದು ಕಾರ್ಡ್. ಎಲ್ಲಾ ಸ್ಟಿಕ್ಕರ್ ಇದೆಯಾ ಅಂತ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. ಎಣಿಸಿ ಮುಗಿಸಿ, ಕಾರ್ಡನ್ನ ಅಪ್ಪನ ಕೈಗೆ ಕೊಟ್ಟು, ಆಮೇಲೆ ನೆಲದ ಮೇಲೆ ಕೂತು ಚುಕ್ಕಿ ತಾನಾಗೇ ಬರೋವರೆಗೂ ಕಾದಳು.